ಹಾಡು ಬರೆದವರು ಸಂಘಕ್ಕೆ ಹಣ ಕಟ್ಟಬೇಕೇ?

ಕಳೆದ ತಿಂಗಳು ಒಂದು ಆದಿತ್ಯವಾರ, ಮದ್ರಸ ಬಿಟ್ಟು ಮಕ್ಕಳೆಲ್ಲ ಮನೆಗೆ ಓಡಿದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಬೆಂಚಿನ ತುದಿಯಲ್ಲಿ ಕೂತ. ಹಗಲು ಟೈಲ್ಸ್ ಕೆಲಸ, ರಾತ್ರಿ ದಫ್ ತಂಡ. ಬ್ಯಾರಿ ಭಾಷೆಯಲ್ಲಿ ಹಾಡು ಬರೆಯುತ್ತಾನೆ, ತಾನೇ ಹಾಡುತ್ತಾನೆ. ಮೊಬೈಲ್ ತೆಗೆದು ಒಂದು ಅರ್ಜಿ ತೋರಿಸಿದ. ಹಾಡು ಬರೆಯುವವರ, ರಾಗ ಹಾಕುವವರ ಸಂಘವೊಂದರ ಸದಸ್ಯತ್ವದ ಅರ್ಜಿ. ಕೊನೆಯಲ್ಲಿ ಶುಲ್ಕ.

"ಉಸ್ತಾದ್, ಒಂದು ಮದುವೆ ಪ್ರೋಗ್ರಾಮಿನಲ್ಲಿ ನನ್ನ ಪಾಲಿಗೆ ಬರುವ ಹಣ ಪೂರ್ತಿ ಇದಕ್ಕೇ ಹೋಗುತ್ತದೆ. ಕಟ್ಟಬೇಕಾ, ಬೇಡವಾ?"

"ಬೇಡ ಮೋನೆ" ಎಂದೆವು. ಯೋಚನೆ ಮಾಡಿ ಹೇಳಿದ್ದಲ್ಲ. ನಮಗೆ ಒಂದು ಹಳೆಯ ಪೆಟ್ಟು ನೆನಪಿಗೆ ಬಂದಿತ್ತು.

ಇಪ್ಪತ್ತು ವರ್ಷದ ಹಿಂದೆ, ಕ್ಯಾಸೆಟ್ ಹೋಗಿ ಸಿ.ಡಿ. ಬರುತ್ತಿದ್ದ ಕಾಲ. ನಾವು ದರ್ಸ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆವು. ಮಂಗಳೂರಿನ ಒಬ್ಬರು ನಮ್ಮ ಎರಡು ಹಾಡು ತೆಗೆದುಕೊಂಡರು. ಒಂದು ಶರ್ಟಿನ ಬಟ್ಟೆ, ಬಸ್ಸಿನ ಖರ್ಚು, ಒಂದು ಬಿರಿಯಾನಿ ಕೊಟ್ಟರು. ಬರೆಯದ ಖಾಲಿ ಕಾಗದದ ಕೆಳಗೆ ನಮ್ಮ ಸಹಿ ತೆಗೆದುಕೊಂಡರು. ಮುಂದೆ ಆ ಹಾಡು ಮದುವೆ ಮನೆಗಳಲ್ಲಿ ಕೇಳಿಸಿತು, ಆಟೋದಲ್ಲಿ ಕೇಳಿಸಿತು. ಕವರಿನ ಮೇಲೆ ಇದ್ದದ್ದು ಬೇರೆಯವರ ಹೆಸರು. ಅಂದಿನಿಂದ ಹಾಡಿನ ವಿಷಯದಲ್ಲಿ ಕಾಗದ, ಸಹಿ, ಸಂಘ ಎಂದರೆ ನಮಗೆ ಅಷ್ಟಕ್ಕಷ್ಟೇ.

ಹುಡುಗ ಇದನ್ನೆಲ್ಲ ಕೇಳಿ ಸುಮ್ಮನಿದ್ದು ಆಮೇಲೆ ಹೇಳಿದ: "ಅದು ಕಾಗದ ಓದದೆ ಸಹಿ ಹಾಕಿದ್ದರಿಂದ ಆದದ್ದಲ್ಲವಾ ಉಸ್ತಾದ್? ಇದನ್ನಾದರೂ ಓದಿ ಹೇಳಿ."

ಮಾತು ಸರಿ ಇತ್ತು. ಕೋರ್ಟಿಗೆ ಹೋಗುವ ನಮ್ಮ ಜಮಾಅತಿನ ಒಬ್ಬ ವಕೀಲರನ್ನು ಕೂರಿಸಿಕೊಂಡು ಎರಡು ರಾತ್ರಿ ಇಶಾ ನಮಾಜಿನ ನಂತರ ಓದಿದೆವು. ಬ್ಯಾರಿ ಹಾಡು ಬರೆಯುವವರು, ಹಾಡುವವರು ಈಗ ನಮ್ಮ ಊರುಗಳಲ್ಲಿ ಕಡಿಮೆ ಇಲ್ಲ. ಅವರಿಗೂ ಇದೇ ಪ್ರಶ್ನೆ ಇರಬಹುದೆಂದು ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಒಂದು ಹಾಡಿಗೆ ಎಷ್ಟು ಮಂದಿ ಯಜಮಾನರು?

ಮೊದಲು ತಿಳಿಯಬೇಕಾದದ್ದು ಇದು. ಒಂದು ಹಾಡು ಎಂದರೆ ಒಂದು ಸೊತ್ತಲ್ಲ, ಮೂರು ನಾಲ್ಕು ಸೊತ್ತು. ಪದ ಬರೆದವನದ್ದು ಒಂದು ಹಕ್ಕು. ರಾಗ ಕಟ್ಟಿದವನದ್ದು ಇನ್ನೊಂದು. ಹಾಡಿದವನಿಗೆ ಗಾಯಕನ ಹಕ್ಕು ಬೇರೆಯೇ ಇದೆ. ಹಣ ಹಾಕಿ ರೆಕಾರ್ಡ್ ಮಾಡಿಸಿದವನಿಗೆ ಆ ಧ್ವನಿಮುದ್ರಣದ ಮೇಲೆ ಹಕ್ಕು. ಒಂದೇ ಮನೆಯಲ್ಲಿ ಜಾಗ ಒಬ್ಬನದ್ದು, ಕಟ್ಟಡ ಇನ್ನೊಬ್ಬನದ್ದು, ಬಾಡಿಗೆ ಮತ್ತೊಬ್ಬನದ್ದು ಇದ್ದ ಹಾಗೆ.

ಸಂಘಗಳೂ ಅದೇ ರೀತಿ ಬೇರೆ ಬೇರೆ. ಪದ ಬರೆಯುವವರಿಗೆ, ರಾಗ ಹಾಕುವವರಿಗೆ ಮತ್ತು ಹಾಡಿನ ಪ್ರಕಾಶಕರಿಗೆ ಇರುವುದು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್. ಅದು 1969ರಲ್ಲಿ ಮುಂಬೈಯಲ್ಲಿ ಶುರುವಾದದ್ದು. ಈಗ 1957ರ ಕಾಪಿರೈಟ್ ಕಾಯ್ದೆಯ 33ನೇ ಕಲಂನ ಕೆಳಗೆ ಕೇಂದ್ರ ಸರಕಾರದಲ್ಲಿ ನೋಂದಣಿ ಆಗಿದೆ. ಹಾಡುವವರಿಗೆ ಇದರಲ್ಲಿ ಜಾಗ ಇಲ್ಲ. ಅವರಿಗಾಗಿ 2013ರಲ್ಲಿ ಇನ್ನೊಂದು ಸಂಘ ನೋಂದಣಿ ಆಯಿತು, ಆಗ ಇಸ್ರಾ ಎಂದು ಅದರ ಹೆಸರಿತ್ತು. ಲತಾ ಮಂಗೇಶ್ಕರ್ ಅಂಥವರು ಮುಂದೆ ನಿಂತು ಕಟ್ಟಿದ ಸಂಘ ಅದು. ಧ್ವನಿಮುದ್ರಣದ ಹಕ್ಕುದಾರರ ವ್ಯವಹಾರ ಮತ್ತೂ ಬೇರೆ.

ನಮ್ಮ ಹುಡುಗ ತೋರಿಸಿದ್ದು ಮೊದಲನೆಯದರ ಅರ್ಜಿ. ಅವನ ಮನಸ್ಸಿನಲ್ಲಿದ್ದದ್ದು, "ನಾನು ಹಾಡುವವ, ಹಾಡಿದ್ದಕ್ಕೆ ಹಣ ಬರುತ್ತದೆ" ಎಂದು. ಆ ಸಂಘದಿಂದ ಹಾಡಿದ್ದಕ್ಕೆ ಬರುವುದಿಲ್ಲ, ಬರೆದದ್ದಕ್ಕೆ ಬರಬಹುದು. ಅವನ ಜೊತೆ ಕೀಬೋರ್ಡ್ ಹಿಡಿದು ರಾಗ ಹಾಕುವ ಸ್ನೇಹಿತನೊಬ್ಬ ಇದ್ದಾನೆ. ಇವನು ಸದಸ್ಯ ಆದರೆ ಆ ಸ್ನೇಹಿತನ ಪಾಲು ಇವನ ಕೈಗೆ ಬರುವುದಿಲ್ಲ. ಅವನೇ ಬೇರೆ ಅರ್ಜಿ ಹಾಕಬೇಕು. ಇಷ್ಟು ತಿಳಿಯದೆ ಹಣ ಕಟ್ಟಿದ್ದರೆ ಇಬ್ಬರು ಸ್ನೇಹಿತರ ನಡುವೆ ಒಂದು ವರ್ಷದೊಳಗೆ ಮಾತು ನಿಲ್ಲುತ್ತಿತ್ತು.

ಹಣ ಎಲ್ಲಿಂದ ಬರುತ್ತದೆ?

ಸಂಘ ಹಣ ಮುದ್ರಿಸುವುದಿಲ್ಲ, ವಸೂಲು ಮಾಡುತ್ತದೆ. ರೇಡಿಯೋ, ಟಿ.ವಿ., ಹಾಡು ಕೇಳಿಸುವ ಆ್ಯಪ್‌ಗಳು, ಹಿನ್ನೆಲೆಯಲ್ಲಿ ಹಾಡು ಹಾಕುವ ಹೋಟೆಲ್, ಮಾಲ್, ಟಿಕೆಟ್ ಇಟ್ಟು ನಡೆಸುವ ಸಂಗೀತ ಸಂಜೆ, ಇವರೆಲ್ಲ ಲೈಸೆನ್ಸ್ ಪಡೆದು ಹಣ ಕಟ್ಟಬೇಕು. ಯಾವ ಹಾಡು ಎಷ್ಟು ಸಲ ಬಂತು ಎಂಬ ಪಟ್ಟಿ ಸಂಘಕ್ಕೆ ಬರುತ್ತದೆ. ಆ ಪಟ್ಟಿಯನ್ನು ಸದಸ್ಯರು ನೋಂದಾಯಿಸಿದ ಹಾಡುಗಳ ಪಟ್ಟಿಯ ಜೊತೆ ಹೋಲಿಸಿ ನೋಡುತ್ತಾರೆ. ತಮ್ಮ ಖರ್ಚು ಕಳೆದು ಉಳಿದದ್ದನ್ನು ಹಂಚುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸದಸ್ಯ ಆದರೆ ಸಾಲದು, ಒಂದೊಂದೇ ಹಾಡನ್ನು ಹೆಸರು, ಪದಕರ್ತ, ರಾಗ ಹಾಕಿದವ, ಹಾಡಿದವ ಎಂದು ವಿವರ ಕೊಟ್ಟು ಸೇರಿಸಬೇಕು. ಹಣ ಕಟ್ಟಿ ಹಾಡು ಸೇರಿಸದವನು ಮದ್ರಸಕ್ಕೆ ದಾಖಲಾಗಿ ಹಾಜರಾಗದ ಹುಡುಗನ ಹಾಗೆ. ರಿಜಿಸ್ಟರಿನಲ್ಲಿ ಹೆಸರು ಇದೆ, ಓದು ಇಲ್ಲ.

ಯೂಟ್ಯೂಬ್ ಜಾಹೀರಾತಿನ ಹಣ ಇದರಿಂದ ಬೇರೆ. ಅದು ಚಾನೆಲ್ ಇಟ್ಟವನಿಗೆ ಬರುವಂಥದ್ದು. ಅದಕ್ಕೆ ಸಾವಿರ ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಎಂಬ ಲೆಕ್ಕ ಇದೆ. ಸಂಘಕ್ಕೆ ಸೇರಿದರೆ ಆ ಹಣ ಹೆಚ್ಚುವುದೂ ಇಲ್ಲ, ಸೇರದಿದ್ದರೆ ನಿಲ್ಲುವುದೂ ಇಲ್ಲ.

ನಮ್ಮ ಹಾಡು ಹಾಡುವುದು ಎಲ್ಲಿ?

ಈ ಪ್ರಶ್ನೆಗೆ ಬಂದಾಗ ನಮ್ಮ ಹುಡುಗನ ಮುಖ ಸ್ವಲ್ಪ ಬಾಡಿತು. ಬ್ಯಾರಿ ಹಾಡು ಹೆಚ್ಚಾಗಿ ಎಲ್ಲಿ ಕೇಳುತ್ತದೆ? ಮದುವೆ ಮನೆಯಲ್ಲಿ, ಮದರಂಗಿಯ ರಾತ್ರಿಯಲ್ಲಿ, ಮೀಲಾದ್ ವೇದಿಕೆಯಲ್ಲಿ, ಮಸೀದಿಯ ವಾರ್ಷಿಕದಲ್ಲಿ.

ಕಾಪಿರೈಟ್ ಕಾಯ್ದೆಯ 52ನೇ ಕಲಂನಲ್ಲಿ ಯಾವುದಕ್ಕೆ ಅನುಮತಿ ಬೇಡ, ಹಣ ಬೇಡ ಎಂಬ ಉದ್ದ ಪಟ್ಟಿ ಇದೆ. ಅದರಲ್ಲಿ ಪ್ರಾಮಾಣಿಕವಾಗಿ ನಡೆಯುವ ಧಾರ್ಮಿಕ ಕಾರ್ಯಕ್ರಮ ಸೇರುತ್ತದೆ. ಧಾರ್ಮಿಕ ಕಾರ್ಯಕ್ರಮ ಎಂದರೆ ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳೂ ಸೇರಿ ಎಂದು ಅಲ್ಲಿಯೇ ವಿವರಣೆ ಕೊಟ್ಟಿದ್ದಾರೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಜನರಿಗೆ ಹಾಡಿ ತೋರಿಸಿದರೆ, ಅಥವಾ ಒಂದು ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೆ ಅದಕ್ಕೂ ವಿನಾಯಿತಿ. ಹೋಟೆಲ್ ಹಾಲ್‌ಗಳ ಮದುವೆಗೂ ಕೆಲವರು ಹಣ ಕೇಳಲು ಹೊರಟಾಗ, 2023ರ ಜುಲೈಯಲ್ಲಿ ಕೇಂದ್ರದ ಇಲಾಖೆ ಈ ವಿನಾಯಿತಿಯನ್ನು ನೆನಪಿಸಿ ಪ್ರಕಟಣೆ ಹೊರಡಿಸಿತು. ಆ ವಿಷಯದಲ್ಲಿ ಕೋರ್ಟುಗಳಲ್ಲಿ ವಾದ ನಡೆದದ್ದೂ ಇದೆ.

ಮದುವೆ ಮಾಡುವ ತಂದೆಯ ಮಟ್ಟಿಗೆ ಇದು ಒಳ್ಳೆಯ ಕಾನೂನು. ಹಾಡು ಬರೆದವನ ಮಟ್ಟಿಗೆ ಅರ್ಥ ಏನು? ಅವನ ಹಾಡು ಒಂದು ವರ್ಷದಲ್ಲಿ ನೂರು ಮದುವೆಗಳಲ್ಲಿ ಹಾಡಿದರೂ ಆ ನೂರು ಮದುವೆಯಿಂದ ಸಂಘದ ಮೂಲಕ ಅವನಿಗೆ ಬರುವುದು ಸೊನ್ನೆ. ದಫ್ ತಂಡಕ್ಕೆ ಮದುವೆ ಮನೆಯವರು ಕೊಡುವುದು ಹಾಡಿದ ಕೂಲಿ, ಅದು ಬೇರೆ ವಿಷಯ. "ಊರಲ್ಲೆಲ್ಲ ನನ್ನದೇ ಹಾಡು" ಎಂಬ ಒಂದೇ ಕಾರಣಕ್ಕೆ ಯಾರೂ ಶುಲ್ಕ ಕಟ್ಟಬೇಡಿ. ಊರಲ್ಲಿ ಅಲ್ಲ, ಲೈಸೆನ್ಸ್ ಪಡೆದ ಕಡೆ ಹಾಡು ಬರುತ್ತಿದೆಯೇ ಎಂದು ನೋಡಿ.

ರಾಗ ಯಾರದ್ದು?

ಎರಡನೆಯ ರಾತ್ರಿ ಮದ್ರಸದ ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಹುಡುಗನ ಹಾಡುಗಳನ್ನು ಒಂದೊಂದಾಗಿ ಬರೆದೆವು. ಒಟ್ಟು ಮೂವತ್ತನಾಲ್ಕು ಆಯಿತು.

ಅದರಲ್ಲಿ ಏಳು ಹಾಡು ಹಳೆಯ ಮಾಪಿಳ್ಳ ಹಾಡುಗಳು, ಇವನು ಹಾಡಿದ್ದು ಮಾತ್ರ. ಬರೆದವನು ತೀರಿಕೊಂಡ ಮೇಲೆ ಅರವತ್ತು ವರ್ಷದವರೆಗೆ ಮಾತ್ರ ಪದದ ಹಕ್ಕು ಉಳಿಯುತ್ತದೆ, ಮತ್ತೆ ಅದು ಎಲ್ಲರ ಸೊತ್ತು. ಮೋಯಿನ್‌ಕುಟ್ಟಿ ವೈದ್ಯರು ತೀರಿಕೊಂಡದ್ದು 1892ರಲ್ಲಿ. ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. "ಬರೆದವ ನಾನು" ಎಂದು ಮಾತ್ರ ಯಾರೂ ಹೇಳುವಂತಿಲ್ಲ.

ಹದಿನೆಂಟು ಹಾಡುಗಳಲ್ಲಿ ಪದ ಇವನದ್ದು, ರಾಗ ಬೇರೆಯವರದ್ದು. ನಮ್ಮಲ್ಲಿ ಇದು ಹೊಸದಲ್ಲ. ಇಶಲ್ ಎಂದು ಒಂದು ಹಳೆಯ ಧಾಟಿ ಹಿಡಿದು ಹೊಸ ಪದ ಕೂರಿಸುವುದು ಮಾಪಿಳ್ಳ ಹಾಡಿನ ಕ್ರಮವೇ. ನಾವೂ ಹಾಗೆಯೇ ಬರೆದದ್ದು. ಧಾಟಿ ನೂರಾರು ವರ್ಷದ್ದಾದರೆ ಚಿಂತೆ ಇಲ್ಲ. ಈಗಿನವರು ಹಿಡಿಯುವುದು ಮೊನ್ನೆ ಬಂದ ಹಿಂದಿ ಸಿನಿಮಾದ ರಾಗ, ಮಲಯಾಳಂ ಆಲ್ಬಮ್‌ನ ರಾಗ. ಅದಕ್ಕೆ ಯಜಮಾನ ಇದ್ದಾನೆ. ಹುಡುಗನ ಒಂದು ಹಾಡು ಯೂಟ್ಯೂಬಿನಲ್ಲಿ ಚೆನ್ನಾಗಿ ಓಡಿದಾಗ 'ಕ್ಲೈಮ್' ಬಂತು, ಆ ಹಾಡಿನ ಜಾಹೀರಾತಿನ ಹಣ ರಾಗದವರ ಕಡೆಗೆ ಹೋಯಿತು. "ನನಗೆ ಅನ್ಯಾಯ ಆಯಿತು ಉಸ್ತಾದ್" ಎಂದ. "ಅನ್ಯಾಯ ಯಾರು ಯಾರಿಗೆ ಮಾಡಿದ್ದು, ಸರಿಯಾಗಿ ಯೋಚಿಸು" ಎಂದೆವು. ನಮ್ಮ ಹಾಡಿಗೆ ಬೇರೆಯವರ ಹೆಸರು ಬಿದ್ದಾಗ ನಮಗೆ ಎಷ್ಟು ಉರಿಯಿತು! ಬೇರೆಯವರ ರಾಗವನ್ನು ಕೇಳದೆ ತೆಗೆದುಕೊಂಡಾಗ ಅವರಿಗೂ ಅಷ್ಟೇ ಅಲ್ಲವೇ?

ಅಂಥ ಹಾಡನ್ನು "ಪದ, ರಾಗ ಎರಡೂ ನನ್ನದು" ಎಂದು ಸಂಘದಲ್ಲಿ ಬರೆಸಿದರೆ ಅದು ಸುಳ್ಳು ಹೇಳಿಕೆ ಆಗುತ್ತದೆ. ಅದಕ್ಕಿಂತ ಶುಲ್ಕ ಕಟ್ಟದೆ ಮನೆಯಲ್ಲಿ ಕೂರುವುದು ಒಳ್ಳೆಯದು.

ಉಳಿದದ್ದು ಒಂಬತ್ತು ಹಾಡು. ಪದ ಇವನದ್ದು, ರಾಗ ಸ್ನೇಹಿತನದ್ದು. ಅದರಲ್ಲಿ ಐದು ಬೇರೆಯವರ ಚಾನೆಲ್‌ಗಳಲ್ಲಿ, ಹಾಡಿನ ಆ್ಯಪ್‌ಗಳಲ್ಲಿ ಇದೆ. ಅಂದರೆ ಸಂಘ ಸೇರುವ ಲೆಕ್ಕಕ್ಕೆ ಬರುವುದು ಮೂವತ್ತನಾಲ್ಕಲ್ಲ, ಮುಖ್ಯವಾಗಿ ಒಂಬತ್ತು. ಪ್ರತಿಯೊಬ್ಬ ಹಾಡುಗಾರ ಹಣ ಕಟ್ಟುವ ಮೊದಲು ಈ ಮೂರು ಸಾಲಿನ ಪಟ್ಟಿ ಮಾಡಬೇಕು ಎಂಬುದು ನಮ್ಮ ಸಲಹೆ: ಹಳೆಯದು, ಎರವಲು ರಾಗದ್ದು, ಪೂರ್ತಿ ಸ್ವಂತದ್ದು.

ಕಾನೂನು ಬರೆದವನ ಕಡೆಗೆ ಎಷ್ಟು ಇದೆ?

ನಮಗೆ ಗೊತ್ತೇ ಇಲ್ಲದ ಕೆಲವು ವಿಷಯ ಓದುವಾಗ ಸಿಕ್ಕಿತು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. ಕವಿ ಜಾವೇದ್ ಅಖ್ತರ್ ಅದಕ್ಕಾಗಿ ರಾಜ್ಯಸಭೆಯಲ್ಲಿ ಜೋರಾಗಿ ಮಾತಾಡಿದವರು. ಅದುವರೆಗೆ ಹಾಡು ಬರೆದವನು ಒಂದು ಸಲ ಸಹಿ ಹಾಕಿದರೆ ಮುಗಿಯಿತು, ಮತ್ತೆ ಬರುವ ಲಾಭ ಎಲ್ಲ ಕಂಪೆನಿಗೆ. ತಿದ್ದುಪಡಿಯ ನಂತರ, ಹಕ್ಕನ್ನು ಬರೆದು ಕೊಟ್ಟರೂ, ಹಾಡಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕು ಬರೆದವನಿಗೇ ಉಳಿಯುತ್ತದೆ. ಅದನ್ನು ಅವನು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ, ಕೊಟ್ಟೆ ಎಂದು ಬರೆಸಿಕೊಂಡರೂ ಆ ಮಾತು ನಿಲ್ಲುವುದಿಲ್ಲ. ಕೊಡಬಹುದಾದದ್ದು ತನ್ನ ವಾರಸುದಾರರಿಗೆ, ಇಲ್ಲವೇ ವಸೂಲಿಗಾಗಿ ಸಂಘಕ್ಕೆ ಮಾತ್ರ.

ಇನ್ನೊಂದು ವಿಷಯ. ಹಾಡಿನ ಹಕ್ಕು ಕೊಡುವುದು ಬಾಯಿ ಮಾತಿನಲ್ಲಿ ಆಗುವುದಿಲ್ಲ. ಸಹಿ ಇರುವ ಬರಹ ಬೇಕು. ಅದರಲ್ಲಿ ಯಾವ ಹಾಡು, ಯಾವ ಹಕ್ಕು, ಎಷ್ಟು ಕಾಲ, ಎಷ್ಟು ಹಣ ಎಂದು ಇರಬೇಕು. ಎಷ್ಟು ಕಾಲ ಎಂದು ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದ ಒಳಗೆ ಮಾತ್ರ. ಇದು ಕಾಯ್ದೆಯ 19ನೇ ಕಲಂ. ಇನ್ನು ಹಕ್ಕು ಮಾರಿದ ಮೇಲೂ "ಬರೆದವನು ನಾನು" ಎಂದು ಹೇಳಿಕೊಳ್ಳುವ ಹಕ್ಕು ಬರೆದವನಿಂದ ಹೋಗುವುದಿಲ್ಲ, ಅದು 57ನೇ ಕಲಂ.

ಇದೆಲ್ಲ ಸಿಗಲು ಸಂಘದ ಸದಸ್ಯ ಆಗಬೇಕೆಂದಿಲ್ಲ. ಹಾಡು ಬರೆದ ಕ್ಷಣದಿಂದಲೇ ಕಾಪಿರೈಟ್ ಇದೆ. ಬೇಕಿದ್ದರೆ ಕೇಂದ್ರದ ಕಾಪಿರೈಟ್ ಕಚೇರಿಯಲ್ಲಿ ಒಂದು ಕೃತಿಗೆ 500 ರೂಪಾಯಿ ಕಟ್ಟಿ ನೋಂದಾಯಿಸಬಹುದು, ಅದು ಕಡ್ಡಾಯ ಅಲ್ಲ. ಇದನ್ನು ಬರೆಯಲು ಕಾರಣ ಇದೆ. ಎಷ್ಟೋ ಮಂದಿ ಸಂಘಕ್ಕೆ ಸೇರದಿದ್ದರೆ ಹಾಡು ಕದ್ದರೂ ಕೇಳುವ ಹಾಗಿಲ್ಲ ಎಂದುಕೊಂಡಿದ್ದಾರೆ. ಹಾಗಲ್ಲ. ಸಂಘದ ಶುಲ್ಕದಿಂದ ಸಿಗುವುದು ವಸೂಲಿಯ ವ್ಯವಸ್ಥೆ. ಹಕ್ಕು ಮೊದಲೇ ನಮ್ಮ ಕೈಯಲ್ಲಿ ಇದೆ.

ಸೇರುವುದರಲ್ಲಿ ಕೊಡುವುದೂ ಇದೆ. ವಸೂಲಿಯ ಹಕ್ಕನ್ನು ಸಂಘಕ್ಕೆ ಬರೆದುಕೊಡುತ್ತೇವೆ. ಮತ್ತೆ "ನನ್ನ ಹಾಡು, ನಾನು ಬೇಕಾದವರಿಗೆ ಪುಕ್ಕಟೆ ಕೊಡುತ್ತೇನೆ" ಎಂದು ಆ ಬಗೆಯ ಬಳಕೆಗೆ ನೇರವಾಗಿ ಹೇಳುವ ಸ್ವಾತಂತ್ರ್ಯ ಮೊದಲಿನ ಹಾಗೆ ಇರುವುದಿಲ್ಲ. ಸದಸ್ಯನು ಸಂಘದಿಂದ ಅಧಿಕಾರ ಹಿಂದೆ ಪಡೆಯಲು ಕಾಯ್ದೆಯಲ್ಲಿ ದಾರಿ ಇದೆ, ಆದರೆ ಕರಾರಿನ ಶರತ್ತು ಓದಿಕೊಂಡೇ ಸಹಿ ಹಾಕಬೇಕು. ಸದಸ್ಯನಾದವನಿಗೆ ಲೆಕ್ಕ ಕೇಳುವ ಹಕ್ಕೂ ಇದೆ. ಸಂಘದ ವ್ಯವಹಾರ ಸದಸ್ಯರ ಹಿಡಿತದಲ್ಲಿ ಇರಬೇಕೆಂದು 35ನೇ ಕಲಂ ಹೇಳುತ್ತದೆ.

ಮದ್ಹ್ ಹಾಡಿಗೆ ಹಣ ಕೇಳುವುದೇ?

ವಕೀಲರು ಹೋದ ಮೇಲೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಮಾತು ಎತ್ತಿದರು. "ಪ್ರವಾದಿಯವರ ಮದ್ಹ್ ಬರೆದು ಅದಕ್ಕೆ ರಾಯಲ್ಟಿ ಎಂದು ಕೈ ಒಡ್ಡುವುದಾ? ನಮ್ಮ ಹಿರಿಯರು ಬರಕತ್ತಿಗೆ ಬರೆದದ್ದು."

ಅವರ ಮಾತಿನಲ್ಲಿ ಪ್ರೀತಿ ಇದೆ, ನಾವು ಎದುರು ವಾದ ಮಾಡಲಿಲ್ಲ. ಬರೆದವನು ಬೇಡ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಹಕ್ಕನ್ನು ಸಾರ್ವಜನಿಕವಾಗಿ ಬಿಟ್ಟುಕೊಡಲು ಕಾಯ್ದೆಯ 21ನೇ ಕಲಂನಲ್ಲಿ ದಾರಿಯೂ ಇದೆ. ಆದರೆ ಬಿಟ್ಟುಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಬರೆದವನು ಬರಕತ್ತಿಗೆ ಬಿಟ್ಟ ಹಣ ಅಂಗಡಿಯವನ ಜೇಬಿಗೆ ಹೋದರೆ ಅದರಲ್ಲಿ ಬರಕತ್ತು ಯಾರಿಗೆ? 1988ರಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ವಿದ್ವಾಂಸರು, ಬರಹಗಾರನ ಹಕ್ಕು ಶರೀಅತಿನಲ್ಲಿ ಮಾನ್ಯವಾದದ್ದು, ಅದರ ಮೇಲೆ ಅತಿಕ್ರಮಣ ಸಲ್ಲದು ಎಂದು ತೀರ್ಮಾನ ಮಾಡಿದ್ದಾರೆ. ಇಷ್ಟು ಹೇಳಿದೆವು. ಹಿರಿಯರು "ಹಾಗಾದರೆ ಹೆಸರು ಮಾತ್ರ ಸರಿಯಾಗಿ ಹಾಕಲಿ" ಎಂದರು. ಅಷ್ಟಕ್ಕೆ ಎಲ್ಲರೂ ಒಪ್ಪಿದೆವು.

ಮೂರು ಮಂದಿ, ಮೂರು ಉತ್ತರ

ಹುಡುಗನಿಗೆ ಹೇಳಿದ್ದು: ಕಟ್ಟು. ಒಂಬತ್ತು ಹಾಡು ಸ್ವಂತದ್ದು ಇದೆ, ಐದು ಹೊರಗೆ ಓಡುತ್ತಿದೆ, ವಯಸ್ಸು ಇಪ್ಪತ್ತಾರು, ಇನ್ನೂ ಬರೆಯುತ್ತಿ. ಕಟ್ಟಿದ ಹಣ ಮೊದಲ ವರ್ಷವೇ ತಿರುಗಿ ಬರುತ್ತದೆ ಎಂದು ಕೂರಬೇಡ, ಬಾರದಿದ್ದರೂ ಇರಬಹುದು. ಸ್ನೇಹಿತನನ್ನೂ ಕರೆದುಕೊಂಡು ಹೋಗು. ಪ್ರತಿ ಹಾಡಿಗೆ ಪದ ಯಾರದ್ದು, ರಾಗ ಯಾರದ್ದು ಎಂದು ಇಬ್ಬರೂ ಒಂದು ಕಾಗದದಲ್ಲಿ ಸಹಿ ಮಾಡಿಕೊಳ್ಳಿ. ಹದಿನೆಂಟು ಎರವಲು ರಾಗದ ಹಾಡುಗಳನ್ನು ಸ್ವಂತ ರಾಗವೆಂದು ಸೇರಿಸಬೇಡ. ಇನ್ನು ಮುಂದೆ ಎರವಲು ರಾಗ ಹಿಡಿಯುವುದು ಕಡಿಮೆ ಮಾಡು.

ನಮ್ಮ ಮಟ್ಟಿಗೆ ಉತ್ತರ: ಈಗ ಬೇಡ. ನಾವು ಬರೆದದ್ದು ಹನ್ನೊಂದು ಹಾಡು. ಎಲ್ಲವೂ ಮದ್ರಸದ ಮಕ್ಕಳು ಮೀಲಾದ್ ವೇದಿಕೆಯಲ್ಲಿ ಹಾಡುವಂಥದ್ದು, ಹಳೆಯ ಇಶಲ್ ಮೇಲೆ ಬರೆದದ್ದು. ಸಿ.ಡಿ.ಗೆ ಹೋದ ಎರಡು ಹಾಡು ಈಗ ಎಲ್ಲಿಯೂ ಬರುವುದು ಕಾಣುವುದಿಲ್ಲ. ಸಂಘಕ್ಕೆ ಶುಲ್ಕ ಕಟ್ಟಿದರೆ ನಮ್ಮ ಹೆಸರು ಪಟ್ಟಿಯಲ್ಲಿ ಇರುತ್ತದೆ, ಅಷ್ಟೇ. ಆ ಹಣದಲ್ಲಿ ಒಳ್ಳೆಯ ಒಂದು ದಪ್ಪ ಪುಸ್ತಕ ತಂದು ಹನ್ನೊಂದು ಹಾಡನ್ನೂ ಬರೆದು, ದಿನಾಂಕ ಹಾಕಿ ಇಟ್ಟಿದ್ದೇವೆ. ಪುಸ್ತಕದ ಖರ್ಚು ಕಳೆದು ಉಳಿದ ಹಣ ಜೇಬಿನಲ್ಲಿಯೇ ಇದೆ.

ಮೂರನೆಯವರು ನಮ್ಮ ಪಟ್ಟಿಯಲ್ಲಿ ಮೊದಲು ಇರಲಿಲ್ಲ. ಹಾಡುಗಳನ್ನು ಲೆಕ್ಕ ಹಾಕುವಾಗ ಹುಡುಗ ಹೇಳಿದ, ತಾನು "ಸಾಂಪ್ರದಾಯಿಕ" ಎಂದು ಹಾಕಿ ಹಾಡಿದ ಏಳರಲ್ಲಿ ಒಂದು ಹಾಡು ನಿಜಕ್ಕೂ ಹಳೆಯದಾ ಎಂದು ತನಗೆ ಸಂಶಯ ಎಂದು. ಮೊದಲ ಸಾಲು ಕೇಳಿದ ಕೂಡಲೇ ನಮಗೆ ಗೊತ್ತಾಯಿತು. ಅದು ಪಕ್ಕದ ಊರಿನ ಒಬ್ಬ ಹಿರಿಯರು ಬರೆದದ್ದು. ಮೀನು ವ್ಯಾಪಾರ ಮಾಡುತ್ತಿದ್ದರು, ಸೈಕಲ್ ತುಳಿಯುತ್ತಾ ಪದ ಕಟ್ಟುತ್ತಿದ್ದರು. 2014ರಲ್ಲಿ ತೀರಿಕೊಂಡರು. ಹುಡುಕಿದರೆ ಅವರ ಹನ್ನೊಂದು ಹಾಡು ಬೇರೆ ಬೇರೆ ಚಾನೆಲ್‌ಗಳಲ್ಲಿ ಸಿಕ್ಕಿತು. ಒಂದರಲ್ಲಿಯೂ ಅವರ ಹೆಸರಿಲ್ಲ. ಎಲ್ಲದರಲ್ಲಿ ಒಂದೇ ಶಬ್ದ, ಸಾಂಪ್ರದಾಯಿಕ.

ಮರುದಿನ ಸಂಜೆ ಅವರ ಮನೆಗೆ ಹೋದೆವು. ಅಳಿಯ ಕೂರಿಸಿದರು. ಅವರ ಹೆಂಡತಿ ಬಾಗಿಲ ಮರೆಯಿಂದಲೇ ಮಾತಾಡಿದರು, ಬೀಡಿ ಕಟ್ಟುವ ಮೊರ ಪಕ್ಕದಲ್ಲಿಯೇ ಇತ್ತು. ಹಳೆಯ ಟ್ರಂಕಿನಿಂದ ಮೂರು ನೋಟ್‌ಬುಕ್ ಬಂತು. ಅರಬಿ ಮಲಯಾಳಂ ಲಿಪಿಯಲ್ಲಿ ಅರುವತ್ತರ ಹತ್ತಿರ ಹಾಡು, ಕೆಲವಕ್ಕೆ ತಾರೀಕು ಕೂಡ ಹಾಕಿದ್ದಾರೆ. ಕ್ಯಾಸೆಟ್‌ನವರಿಗೆ ಏನಾದರೂ ಬರೆದು ಕೊಟ್ಟಿದ್ದಾರಾ ಎಂದು ಕೇಳಿದೆವು. "ಬರೆದು ಕೊಟ್ಟದ್ದು ಇಲ್ಲ ಉಸ್ತಾದ್, ಮನೆಗೆ ಬಂದವರಿಗೆ ಹಾಡಿ ತೋರಿಸಿದ್ದು, ಅವರು ಟೇಪಿನಲ್ಲಿ ತೆಗೆದುಕೊಂಡು ಹೋದದ್ದು" ಎಂದರು.

ಬರಹ ಇಲ್ಲ ಎಂದ ಮೇಲೆ ಹಕ್ಕು ಮನೆ ಬಿಟ್ಟು ಹೋಗಿಲ್ಲ. 2074ರ ಕೊನೆಯವರೆಗೆ ಆ ಪದಗಳು ಅವರ ವಾರಸುದಾರರದ್ದು. ವಾರಸುದಾರರೂ ಸಂಘಕ್ಕೆ ಸದಸ್ಯರಾಗಬಹುದು. ಮೂವರಲ್ಲಿ ಶುಲ್ಕ ಕಟ್ಟಲು ಹೆಚ್ಚು ಕಾರಣ ಇರುವುದು ನಮ್ಮ ಹುಡುಗನಿಗಲ್ಲ, ಈ ಮನೆಗೆ. ಹಾಡು ಹೊರಗೆ ಓಡುತ್ತಿದೆ, ಬರೆದವರು ಇಲ್ಲ, ಕೇಳುವವರು ಇಲ್ಲ, ಮನೆಯಲ್ಲಿ ಬೀಡಿಯ ದುಡಿಮೆ.

ಎಷ್ಟು ಬರುತ್ತದೆ ಎಂದು ನಾವು ಮಾತು ಕೊಡಲಿಲ್ಲ. ಕಡಿಮೆ ಬರಬಹುದು, ತಡವಾಗಿ ಬರಬಹುದು, ಹಣ ಕಟ್ಟಿದ್ದು ಹಾಗೆಯೇ ಹೋಗಲೂಬಹುದು ಎಂದು ಸರಿಯಾಗಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, "ಮೊಬೈಲಿನಲ್ಲಿ ಅವರ ಹೆಸರು ಬರುತ್ತದಾ?" ಎಂದು ಕೇಳಿದರು. ಅದಕ್ಕೆ ಸಂಘವೂ ಬೇಡ ಶುಲ್ಕವೂ ಬೇಡ ಎಂದ ನಮ್ಮ ಹುಡುಗ ಅಲ್ಲಿಯೇ ಕೂತು ತನ್ನ ಹಾಡಿನ ಕೆಳಗಿದ್ದ "ಸಾಂಪ್ರದಾಯಿಕ" ಎಂಬುದನ್ನು ಅಳಿಸಿ ಹಿರಿಯರ ಹೆಸರು ಹಾಕಿದ. ಹಾಕಿ ಅಳಿಯನಿಗೆ ತೋರಿಸಿದ, ಅಳಿಯ ಒಳಗೆ ಕೊಂಡುಹೋಗಿ ತೋರಿಸಿದರು.

ಉಳಿದ ಹತ್ತು ಹಾಡಿನವರಿಗೂ ತಿಳಿಸುವ ಕೆಲಸ ನಡೆಯುತ್ತಿದೆ. ಮನೆಯವರು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಟ್ಟಿದ್ದಾರೆ. ಮರಣ ಪತ್ರ, ಪಾನ್ ಕಾರ್ಡ್, ಪಾಸ್‌ಬುಕ್ ಸೇರಿಸಿ ಇಟ್ಟಾಗಿದೆ. ವಂಶವೃಕ್ಷ ಕೈಗೆ ಬಂದ ಕೂಡಲೇ ಸಂಘಕ್ಕೆ ಅರ್ಜಿ ಹೋಗುತ್ತದೆ. ಶುಲ್ಕವನ್ನು ದಫ್ ತಂಡದ ಹುಡುಗರು ಹಾಕುತ್ತೇವೆ ಎಂದಿದ್ದಾರೆ. ಅವರ ಹಾಡನ್ನು ಇಷ್ಟು ವರ್ಷ ಹಾಡಿ ಕೂಲಿ ತೆಗೆದುಕೊಂಡವರು ಅವರೇ, ಆದ್ದರಿಂದ ನಾವೂ ಬೇಡ ಎನ್ನಲಿಲ್ಲ. ಮೂರು ನೋಟ್‌ಬುಕ್‌ನ ಹಾಡುಗಳನ್ನು ಕನ್ನಡ ಲಿಪಿಗೆ ಇಳಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಸುಬಹಿ ನಮಾಜಿನ ನಂತರ ದಿನಕ್ಕೆ ಒಂದು ಹಾಡು ಬರೆಯುತ್ತಿದ್ದೇವೆ, ನಿನ್ನೆಗೆ ಹದಿನೇಳು ಆಯಿತು.

ನಿಮ್ಮ ಮನೆಯಲ್ಲಿ ಉಪ್ಪನದ್ದೋ, ಅಜ್ಜನದ್ದೋ ಇಂಥ ನೋಟ್‌ಬುಕ್ ಇದ್ದರೆ ಗುಜರಿಗೆ ಕೊಡಬೇಡಿ. ಸಂಘದ ಮಾತು ಆಮೇಲೆ. ಮೊದಲು ಅದರ ಮೇಲೆ ಬರೆದವರ ಹೆಸರು ಬರೆದು, ಗೆದ್ದಲು ತಾಗದ ಜಾಗದಲ್ಲಿ ಇಡಿ.